ಹಳೆ ಸ್ವಿಚ್‌ಗಳಿಗೆ ಸ್ಟ್ಯಾಕ್ ಮಾಡ್ಯೂಲ್ ಯಾವುದು ತಗೊಳ್ಳಲಿ? ಮಳೆಗೆ ಮೊದಲು ಮುಗಿಸಬೇಕು

ಲ್ಯಾಬ್ ಮೇಷ್ಟ್ರು, ಪೊನ್ನಂಪೇಟೆ ಕಡೆ

ಎಲ್ಲರಿಗೂ ನಮಸ್ಕಾರ. ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನೆಟ್‌ವರ್ಕ್ ನಾನು ಓದಿದ ವಿಷಯ ಅಲ್ಲ. ಆದರೆ ವೈಫೈ ಹೋದರೆ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರೂ ಬರುವುದು ನನ್ನ ಬಾಗಿಲಿಗೇ.

ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಲ್ಲಿ ಆಫೀಸ್ ಖಾಲಿ ಮಾಡುವಾಗ ನಾಲ್ಕು ಸಿಸ್ಕೊ 2960 ಸ್ವಿಚ್ (ಕಂಪ್ಯೂಟರ್, ವೈಫೈ ಎಲ್ಲವನ್ನೂ ನೆಟ್‌ವರ್ಕಿಗೆ ಜೋಡಿಸುವ ಡಬ್ಬ) ಕೊಟ್ಟಿದ್ದಾರೆ. ಒಂದನ್ನು ತಿರುಗಿಸಿ ನೋಡಿದೆ, ಹಿಂದೆ ಖಾಲಿ ಕಿಂಡಿ ಇದೆ. ಅಲ್ಲಿಗೆ ಸ್ಟ್ಯಾಕ್ ಮಾಡ್ಯೂಲ್ ಹಾಕಿದರೆ ನಾಲ್ಕೂ ಸೇರಿ ಒಂದೇ ಸ್ವಿಚ್ ಥರ ನಡೆಯುತ್ತವೆ, 80 ಗಿಗಾಬಿಟ್ ಸಿಗುತ್ತೆ ಅಂತ ಓದಿದೆ. ಮೂರನ್ನು ಮೇನ್ ಬ್ಲಾಕಿನಲ್ಲಿ ಇಡಬೇಕು, ನಾಲ್ಕನೆಯದು ಲೈಬ್ರರಿ ಬ್ಲಾಕಿಗೆ. ಮಧ್ಯೆ ಸುಮಾರು 180 ಮೀಟರ್. ನೆಲದೊಳಗೆ ಹಳೆ ಫೈಬರ್ ಇದೆ.

ನಾಲ್ಕಕ್ಕೂ ಒಂದೇ ಮಾಡ್ಯೂಲ್ ಆಗುತ್ತಾ? ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಲೈಬ್ರರಿಯದನ್ನು ಸ್ಟ್ಯಾಕಿಗೆ ಸೇರಿಸುವುದು ಹೇಗೆ? ಒಂದು 3 ಮೀಟರಿನ ಸ್ಟ್ಯಾಕ್ ಕೇಬಲ್ ಆಗಲೇ ತಂದಿಟ್ಟಿದ್ದೇನೆ, ಅಗ್ಗಕ್ಕೆ ಸಿಕ್ಕಿತು ಅಂತ. ಜೂನ್ ಬರುವುದರೊಳಗೆ ಮುಗಿಸಬೇಕು, ಆಮೇಲೆ ನಮ್ಮ ಕಡೆ ಏಣಿ ಹತ್ತುವ ಹಾಗಿಲ್ಲ.

ಚೌಕಾಸಿ, ಗೋಣಿಕೊಪ್ಪ

3 ಮೀಟರ್ ಕೇಬಲ್, 180 ಮೀಟರ್ ದೂರ. ಇನ್ನು 59 ಕೇಬಲ್ ತಗೊಳ್ಳಿ ಸರ್, ಆಯ್ತು.

ರ‍್ಯಾಕ್ ರಾಣಿ, ಊರು ವಿರಾಜಪೇಟೆ, ಕೆಲಸ ಬೆಂಗಳೂರು

ನಗಬೇಡಿ, ಇದೇ ಪ್ರಶ್ನೆ ನಾನೂ ಕೇಳಿದ್ದೆ, ಕೆಲಸಕ್ಕೆ ಸೇರಿದ ಮೊದಲ ವರ್ಷ.

ಮೇಷ್ಟ್ರೇ, ‘2960’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 2960-ಎಸ್, 2960-ಎಕ್ಸ್, 2960-ಎಕ್ಸ್‌ಆರ್ ಎಲ್ಲಾ ಬೇರೆ ಬೇರೆ. ಡಬ್ಬದ ಮೇಲಿನ ಚೀಟಿಯಲ್ಲಿ ಪೂರ್ತಿ ಹೆಸರಿರುತ್ತೆ. ಅದರ ಬಾಲ ಮುಖ್ಯ. ನಾಲ್ಕನ್ನೂ ತಿರುಗಿಸಿ, ಒಂದಕ್ಷರ ಬಿಡದೆ ಬರೆದು ಹಾಕಿ. ಅಲ್ಲಿವರೆಗೆ ಒಂದು ರೂಪಾಯಿ ಖರ್ಚು ಮಾಡಬೇಡಿ.

ಕೇಬಲ್ ಕಾಕ, ಕುಶಾಲನಗರ

ಫೈಬರಿನ ಮೇಲೆ ಏನು ಪ್ರಿಂಟ್ ಆಗಿದೆ ಅಂತಲೂ ನೋಡಿ ಬನ್ನಿ. ಕಪ್ಪು ಹೊರಕವಚದ ಮೇಲೆ ಬಿಳಿ ಅಕ್ಷರ ಇರುತ್ತೆ. ಮಣ್ಣು ಒರೆಸಿ ಓದಬೇಕು. ಒಳಗೆ ಎಷ್ಟು ಕೋರ್ (ಗಾಜಿನ ಎಳೆ) ಇದೆ, ಎಷ್ಟು ಬದುಕಿದೆ, ಅದೂ ಬೇಕು.

ಲ್ಯಾಬ್ ಮೇಷ್ಟ್ರು

ಹೋಗಿ ನೋಡಿ ಬಂದೆ. ಬರೆದುಕೊಂಡದ್ದು ಹೀಗಿದೆ.

ಎರಡು ಸ್ವಿಚ್: 2960ಎಕ್ಸ್-48ಎಫ್‌ಪಿಡಿ-ಎಲ್.
ಒಂದು: 2960ಎಕ್ಸ್-48ಟಿಎಸ್-ಎಲ್‌ಎಲ್.
ಒಂದು: 2960ಎಸ್-24ಟಿಎಸ್-ಎಲ್.

ಫೈಬರಿನ ಮೇಲೆ 62.5/125 ಅಂತ ಇದೆ, 6 ಕೋರ್. ಲೈಬ್ರರಿ ಕಡೆಯ ಪೆಟ್ಟಿಗೆ ತೆಗೆದರೆ ಒಳಗೆ ಇರುವೆ ಗೂಡು. ಕೋರ್‌ಗಳು ಬದುಕಿವೆಯೋ ಇಲ್ಲವೋ ಗೊತ್ತಿಲ್ಲ.

ರ‍್ಯಾಕ್ ರಾಣಿ

ಈಗ ಮಾತಾಡಬಹುದು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ಬಾಲ. ಎಫ್‌ಪಿ ಅಂದರೆ ಪೂರ್ತಿ ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕ್ಯಾಮೆರಾ, ವೈಫೈಗೆ ಕರೆಂಟ್ ಕೊಡುವುದು), ಒಟ್ಟು 740 ವಾಟ್. 48 ಪೋರ್ಟಿಗೂ ತಲಾ 15.4 ವಾಟ್ ಕೊಡುತ್ತೆ, ಇಲ್ಲವೇ 24 ಪೋರ್ಟಿಗೆ 30 ವಾಟ್. ಡಿ ಅಂದರೆ ಮುಂದೆ ಎರಡು 10 ಗಿಗಾಬಿಟ್ ಕಿಂಡಿ. ಕೊನೆಯ ಒಂಟಿ ಎಲ್ ಅಂದರೆ ಲ್ಯಾನ್ ಬೇಸ್. ಈ ಎರಡು ನಿಮ್ಮ ಚಿನ್ನ. ಇವಕ್ಕೆ ಬೇಕಾದ ಮಾಡ್ಯೂಲಿನ ಹೆಸರು ಸಿ2960ಎಕ್ಸ್-ಸ್ಟ್ಯಾಕ್, ಫ್ಲೆಕ್ಸ್‌ಸ್ಟ್ಯಾಕ್-ಪ್ಲಸ್ ಅಂತಾರೆ. ಅದರಲ್ಲಿ ಎರಡು ಪೋರ್ಟ್ ಇರುತ್ತೆ. ಒಂದೊಂದು ಪೋರ್ಟ್ ಒಂದು ದಿಕ್ಕಿಗೆ 20 ಗಿಗಾಬಿಟ್. ಎರಡು ಪೋರ್ಟ್, ಎರಡು ದಿಕ್ಕು, ಹೀಗೆ ಎಣಿಸಿ 80 ಅಂತ ಬರೆಯುತ್ತಾರೆ. ನಿಮ್ಮ ಲ್ಯಾಬಿನ ಒಂದು ಕಂಪ್ಯೂಟರಿಗೆ 80 ಸಿಗುತ್ತೆ ಅಂತಲ್ಲ. ಅದು ಜಾಹೀರಾತಿನ ಲೆಕ್ಕ.

ಎಲ್‌ಎಲ್ ಅಂದರೆ ಲ್ಯಾನ್ ಲೈಟ್, ಸೌಲಭ್ಯ ಕಡಿಮೆ ಇರುವ ಸಾಫ್ಟ್‌ವೇರ್. ಬೇಜಾರಿನ ಸುದ್ದಿ, ಅದಕ್ಕೆ ಸ್ಟ್ಯಾಕಿಂಗೇ ಇಲ್ಲ. ಮಾಡ್ಯೂಲ್ ತಂದರೂ ವ್ಯರ್ಥ. ಅದರ ಮುಂದಿನ ಎರಡು ಫೈಬರ್ ಕಿಂಡಿಗಳೂ 1 ಗಿಗಾಬಿಟ್ಟಿನವು.

2960-ಎಸ್ ಹಳೆ ತಲೆಮಾರು. ಅದರ ಮಾಡ್ಯೂಲ್ ಸಿ2960ಎಸ್-ಸ್ಟ್ಯಾಕ್, ಬೇರೆಯೇ. ಎಕ್ಸ್‌ನದು ಎಸ್‌ಗೆ ಹೋಗಲ್ಲ, ಎಸ್‌ನದು ಎಕ್ಸ್‌ಗೆ ಹೋಗಲ್ಲ. ಹೊಸ ಗಂಡಿಗೆ ಹಳೆ ಕುಪ್ಯ (ಕೊಡವರ ನಿಲುವಂಗಿ) ತೊಡಿಸಿದ ಹಾಗೆ, ನೋಡಲು ಒಂದೇ, ಮೈಗೆ ಕೂರಲ್ಲ. ಆದರೆ ಕೇಬಲ್ ಎರಡಕ್ಕೂ ಒಂದೇ. ಅರ್ಧ ಮೀಟರ್, 1 ಮೀಟರ್, 3 ಮೀಟರ್, ಮೂರೇ ಅಳತೆ. ಅದಕ್ಕಿಂತ ಉದ್ದ ಇಲ್ಲವೇ ಇಲ್ಲ. ಅಂದರೆ ಸ್ಟ್ಯಾಕ್ ಅನ್ನುವುದು ಒಂದು ರ‍್ಯಾಕಿನೊಳಗಿನ ಸಂಸಾರ. ಲೈಬ್ರರಿ ಅದರೊಳಗೆ ಬರಲ್ಲ. ಲೈಬ್ರರಿಗೆ ಫೈಬರಿನ ಅಪ್‌ಲಿಂಕ್, ಅಂದರೆ ಸ್ವಿಚ್ಚಿನಿಂದ ಸ್ವಿಚ್ಚಿಗೆ ಮಾಮೂಲಿ ಜೋಡಣೆ, ಅಷ್ಟೇ.

ಎಸ್ ಮತ್ತು ಎಕ್ಸ್ ಸೇರಿಸಿ ಸ್ಟ್ಯಾಕ್ ಮಾಡಬಹುದು. ಆದರೆ ಎಕ್ಸ್‌ನ ಸ್ಟ್ಯಾಕ್ ಪೋರ್ಟ್ ವೇಗವನ್ನು 10ಕ್ಕೆ ಇಳಿಸಬೇಕು. 80 ಇದ್ದದ್ದು 40 ಆಗುತ್ತೆ. ಎಂಟು ಸ್ವಿಚ್ ಸೇರಿಸುವ ಕಡೆ ನಾಲ್ಕಕ್ಕೆ ನಿಲ್ಲುತ್ತೆ. ಒಂದು 24 ಪೋರ್ಟಿನ ಮುದುಕನಿಗೋಸ್ಕರ ಇಬ್ಬರು ಹುಡುಗರ ಕಾಲು ಕಟ್ಟುವುದು ಯಾಕೆ?

ಲ್ಯಾಬ್ ಮೇಷ್ಟ್ರು

ನಾಲ್ಕು ಮಾಡ್ಯೂಲ್ ಆರ್ಡರ್ ಮಾಡಲು ಹೊರಟಿದ್ದೆ ಮೇಡಂ. ಕಾರ್ಟಿನಲ್ಲಿತ್ತು.

ಎರಡನೇ ಅಭಿಪ್ರಾಯ, ಮೈಸೂರು

ಎಲ್ಲರೂ ಹಳೆ ಗುಜರಿಗೆ ಅಲಂಕಾರ ಮಾಡ್ತಾ ಇದ್ದೀರಿ. 2960-ಎಕ್ಸ್ ಮಾರಾಟ 2022ರಲ್ಲೇ ನಿಂತಿದೆ. 2027ಕ್ಕೆ ಕಂಪನಿಯ ಬೆಂಬಲವೂ ಮುಗಿಯುತ್ತೆ. ಸೆಕ್ಯುರಿಟಿ ಪ್ಯಾಚ್ ಇಲ್ಲದ ಡಬ್ಬಕ್ಕೆ ಮಾಡ್ಯೂಲ್ ಯಾಕೆ? ಒಂದು 9200ಎಲ್ ತಗೊಳ್ಳಿ. ಸ್ಟ್ಯಾಕ್ ಕಿಟ್ ಅಂತ ಬರುತ್ತೆ, ಎರಡು ಅಡಾಪ್ಟರ್ ಒಂದು ಕೇಬಲ್ ಒಟ್ಟಿಗೆ. ತಲೆನೋವು ಇಲ್ಲ.

ಚೌಕಾಸಿ

ಅಣ್ಣ, ಪುಕ್ಕಟೆ ಬಂದದ್ದನ್ನು ಬಿಟ್ಟು ಹೊಸದು ತಗೊಳ್ಳಿ ಅಂದರೆ ಬಿಲ್ ನೀವು ಕೊಡ್ತೀರಾ? ಕಾಲೇಜಿನಲ್ಲಿ ಒಂದು ಚೇರ್ ತಗೊಳ್ಳಲು ಮೂರು ಕೊಟೇಶನ್ ಬೇಕು.

ರ‍್ಯಾಕ್ ರಾಣಿ

ಎರಡನೇ ಅಭಿಪ್ರಾಯದವರು ಹೇಳಿದ್ದರಲ್ಲಿ ಹುರುಳಿದೆ, ತಳ್ಳಿಹಾಕಬೇಡಿ. ಆದರೆ 9200ಎಲ್ ಅನ್ನುವಾಗಲೂ ಅದೇ ಬಾಲದ ಕಥೆ. 9200ಎಲ್‌ನಲ್ಲಿ ಅಪ್‌ಲಿಂಕ್ ಕಿಂಡಿ ಗಟ್ಟಿ ಕೂತಿದೆ, ಬದಲಾಯಿಸಲು ಆಗಲ್ಲ, ಸ್ಟ್ಯಾಕ್ 80. ಎಲ್ ಇಲ್ಲದ 9200ಕ್ಕೆ ಮುಂದೆ ಬೇರೆ ಬೇರೆ ಅಪ್‌ಲಿಂಕ್ ಮಾಡ್ಯೂಲ್ ಹಾಕಬಹುದು, ಸ್ಟ್ಯಾಕ್ 160. ಇವೆರಡನ್ನು ಒಟ್ಟಿಗೆ ಸ್ಟ್ಯಾಕ್ ಮಾಡಲು ಆಗಲ್ಲ. ಇವತ್ತು ಒಂದು ಎಲ್ ತಗೊಂಡು, ಮುಂದಿನ ವರ್ಷ ದುಡ್ಡು ಬಂದಾಗ ಎಲ್ ಇಲ್ಲದ್ದು ತಂದರೆ ಎರಡೂ ಪಕ್ಕಪಕ್ಕ ಕೂತು ಮುಖ ತಿರುಗಿಸಿಕೊಳ್ಳುತ್ತವೆ.

ಮಂಜಿನ ಮನೆ, ಮಡಿಕೇರಿ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು 12 ರೂಮಿನ ಹೋಂಸ್ಟೇ. ಅರುಬಾ 2930 ಎರಡು ಇದೆ. ಅದಕ್ಕೂ ಇಂಥ ಮಾಡ್ಯೂಲ್ ಹಾಕಿಸಿ ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸಲಾ?

ರ‍್ಯಾಕ್ ರಾಣಿ

ಅಕ್ಕ, 2930ಎಫ್ ಅಥವಾ 2930ಎಂ?

ಮಂಜಿನ ಮನೆ

ಎಫ್.

ರ‍್ಯಾಕ್ ರಾಣಿ

ಹಾಗಾದರೆ ಕೊಟೇಶನ್ ವಾಪಸ್ ಕೊಡಿ. ಎಂ ಗೆ ಮಾತ್ರ ಹಿಂದೆ ಸ್ಟ್ಯಾಕ್ ಮಾಡ್ಯೂಲ್ ಹಾಕುವ ಜಾಗ ಇದೆ. ಎಫ್ ಗೆ ಮಾಡ್ಯೂಲ್ ಅಂತ ಒಂದಿಲ್ಲ. ಮುಂದಿನ ಪೋರ್ಟುಗಳಲ್ಲೇ ವಿಎಸ್‌ಎಫ್ ಅಂತ ಮಾಡಿ ಸೇರಿಸುತ್ತಾರೆ. ಅದೂ 12 ರೂಮಿಗೆ ಬೇಕಾಗಿಲ್ಲ. ಒಂದು ಕೇಬಲಿನಲ್ಲಿ ಎರಡನ್ನು ಜೋಡಿಸಿ, ಉಳಿದ ದುಡ್ಡಿಗೆ ಒಳ್ಳೆ ಯುಪಿಎಸ್ ತಗೊಳ್ಳಿ.

ಚೌಕಾಸಿ

ಹೋಂಸ್ಟೇಯಲ್ಲಿ ಸ್ಟ್ಯಾಕ್ ಬೇಕಾದರೆ ಅಕ್ಕಿ ರೊಟ್ಟಿಯದ್ದು ಸಾಕು.

ಮಂಜಿನ ಮನೆ

ಬನ್ನಿ, ಪಂದಿ ಕರಿ ಜೊತೆ ಕೊಡ್ತೀನಿ. ವೈಫೈ ಪಾಸ್‌ವರ್ಡ್ ಮಾತ್ರ ಕೇಳಬೇಡಿ.

ಕೇಬಲ್ ಕಾಕ

ಫೈಬರಿನ ವಿಷಯಕ್ಕೆ ಬರ್ತೀನಿ. 62.5/125 ಅಂದರೆ ಹಳೆ ಮಲ್ಟಿಮೋಡ್, ಓಎಂ1. 1 ಗಿಗಾಬಿಟ್ಟಿನ ಎಸ್‌ಎಕ್ಸ್ ಮಾಡ್ಯೂಲ್ (ಸ್ಟ್ಯಾಕಿನದಲ್ಲ, ಮುಂದಿನ ಫೈಬರ್ ಕಿಂಡಿಗೆ ಸಿಕ್ಕಿಸುವ ಚಿಕ್ಕದು) ಅದರಲ್ಲಿ 220 ಮೀಟರ್ ಓಡುತ್ತೆ, ಫೈಬರ್ ಒಳ್ಳೆ ಗುಣಮಟ್ಟದ್ದಾದರೆ 275. ನಿಮ್ಮದು 180, ಪಾಸ್. ರ‍್ಯಾಕಿನೊಳಗಿನ ಸುತ್ತು, ಗುಂಡಿಯಲ್ಲಿ ಬಿಟ್ಟ ಉಳಿಕೆ ಎಲ್ಲಾ ಸೇರಿಸಿ ಎಣಿಸಿ. ನೆಲದ ಮೇಲೆ ಹೆಜ್ಜೆ ಹಾಕಿ ಅಳೆದ 180 ನಿಜವಾಗಿ 210 ಆಗಿದ್ದು ನಾನು ನೋಡಿದ್ದೇನೆ.

ಈಗ ಸಿಡಿಲಿನ ಮಾತು. ಫೈಬರ್ ಕೆಟ್ಟಿದ್ದರೆ ‘ಸದ್ಯಕ್ಕೆ ಕ್ಯಾಟ್6 ತಾಮ್ರದ ಕೇಬಲ್ ಎಳೆಯೋಣ, ಮಧ್ಯೆ ಒಂದು ಸ್ವಿಚ್ ಇಡೋಣ’ ಅಂತ ಯಾರಾದರೂ ಹೇಳೇ ಹೇಳ್ತಾರೆ. ತಾಮ್ರ 100 ಮೀಟರಿಗೆ ಮುಗೀತು, ಅದು ಬಿಡಿ. ಸಿದ್ದಾಪುರ ಕಡೆ ಒಂದು ತೋಟದಲ್ಲಿ ಬಂಗಲೆಯಿಂದ ಆಫೀಸಿಗೆ 70 ಮೀಟರ್ ಕ್ಯಾಟ್6, ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿ ಎಳೆದಿದ್ದರು. ಏಪ್ರಿಲ್ ತಿಂಗಳು, ಕಾಫಿಯ ಹೂಮಳೆ ಆಗಿ ಸ್ವಲ್ಪ ದಿನ. ಸಂಜೆ ಒಂದೇ ಒಂದು ಸಿಡಿಲು. ಕೇಬಲಿಗೆ ನೇರ ಬಡಿದದ್ದೂ ಅಲ್ಲ, ಕಣದ ಆಚೆ ಎಲ್ಲೋ ಬಿತ್ತಂತೆ. ಬೆಳಗ್ಗೆ ನಾನು ಹೋದಾಗ ಆಫೀಸಿನ ಸ್ವಿಚ್ಚಿನ ಎಂಟು ಪೋರ್ಟಿನಲ್ಲಿ ದೀಪ ಇಲ್ಲ. ಬಂಗಲೆ ಕಡೆಯದ್ದು ಆನ್ ಆಗಲೇ ಇಲ್ಲ. ಪಿಕ್ಕಿಂಗ್ ಲೆಕ್ಕ ಇಟ್ಟಿದ್ದ ಕಂಪ್ಯೂಟರಿನ ಬೋರ್ಡೂ ಹೋಗಿತ್ತು. ರೈಟರ್ (ತೋಟದ ಗುಮಾಸ್ತರು) ಹಳೆ ಪುಸ್ತಕ ತೆಗೆದುಕೊಂಡು ಕೂತಿದ್ದರು. ‘ಇದಕ್ಕೆ ಸಿಡಿಲು ಬಡಿಯಲ್ಲ ನೋಡಿ’ ಅಂದರು.

ಕಟ್ಟಡದಿಂದ ಕಟ್ಟಡಕ್ಕೆ ಫೈಬರೇ. ಅದರಲ್ಲೂ ಉಕ್ಕಿನ ಕವಚ ಇರುವ ಫೈಬರ್ ಆದರೆ ಆ ಕವಚ ಸ್ವಿಚ್ ರ‍್ಯಾಕಿಗೆ ತಾಗಬಾರದು. ಅರ್ಥಿಂಗ್ ಸರಿಯಾಗಿರಬೇಕು. ಗಾಜಿನಲ್ಲಿ ಕರೆಂಟ್ ಹರಿಯಲ್ಲ, ಉಕ್ಕಿನಲ್ಲಿ ಹರಿಯುತ್ತಲ್ಲ.

ಕಣದ ಹುಡುಗ, ಸುಂಟಿಕೊಪ್ಪ

ಕಾಕ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಸಿಡಿಲು ಬಿಟ್ಟರೆ ಆನೆ. ಕಂಬದ ಮೇಲೆ ಎಳೆದ ಫೈಬರನ್ನು ಆನೆ ಕಂಬ ಸಮೇತ ಮಲಗಿಸಿತ್ತು. ಅದನ್ನು ಯಾವ ಮಾಡ್ಯೂಲೂ ತಡೆಯಲ್ಲ.

ಚೌಕಾಸಿ

ಹೇಗಿದ್ದರೂ ಎಫ್‌ಪಿಡಿಯಲ್ಲಿ 10 ಗಿಗಾಬಿಟ್ ಕಿಂಡಿ ಇದೆಯಲ್ಲ. ಎಸ್‌ಎಕ್ಸ್ ಯಾಕೆ, 10ರ ಎಸ್‌ಆರ್ ಮಾಡ್ಯೂಲ್ ಹಾಕಿ ಬಿಡಿ. ಸೆಕೆಂಡ್ ಹ್ಯಾಂಡಿನಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ಕೇಬಲ್ ಕಾಕ

ಓಎಂ1ರಲ್ಲಿ ಎಸ್‌ಆರ್ ಎಷ್ಟು ದೂರ ಹೋಗುತ್ತೆ ಗೊತ್ತಾ? 33 ಮೀಟರ್. ಲೈಬ್ರರಿ ಹೋಗಲಿ, ಧ್ವಜಸ್ತಂಭದವರೆಗೂ ಮುಟ್ಟಲ್ಲ. ಅದೇ ಓಎಂ3 ಆದರೆ 300 ಮೀಟರ್. ಹಾಗಾಗಿಯೇ ಪ್ರಿಂಟ್ ಓದಿ ಅಂದದ್ದು.

ಎರಡನೇ ಅಭಿಪ್ರಾಯ

ಎಲ್‌ಆರ್‌ಎಂ ಅಂತ ಒಂದು 10 ಗಿಗಾಬಿಟ್ ಮಾಡ್ಯೂಲ್ ಇದೆ. ಇಂಥ ಹಳೆ ಮಲ್ಟಿಮೋಡಿಗೇ ಮಾಡಿದ್ದು, 220 ಮೀಟರ್. 10 ಆಗಲ್ಲ ಅಂತ ಒಮ್ಮೆಲೇ ಹೇಳಿಬಿಡಬೇಡಿ.

ರ‍್ಯಾಕ್ ರಾಣಿ

ಸರಿ, ಅದನ್ನು ನಾನು ಮರೆತಿದ್ದೆ, ಒಪ್ಪಿಕೊಂಡೆ. ಆದರೆ ಓಎಂ1ಕ್ಕೆ ಅದರ ಜೊತೆ ಮೋಡ್ ಕಂಡಿಷನಿಂಗ್ ಪ್ಯಾಚ್ ಕಾರ್ಡ್ (ಒಂದು ವಿಶೇಷ ಗಿಡ್ಡ ಫೈಬರ್ ಕೇಬಲ್) ಬೇಕು. ಮುಖ್ಯ ವಿಷಯ ಅದಲ್ಲ. ಆ ತುದಿಯಲ್ಲಿ ಯಾವ ಸ್ವಿಚ್ ಕೂರುತ್ತೆ? ಎಲ್‌ಎಲ್ ಕೂತರೆ ಅದರಲ್ಲಿ 10ರ ಕಿಂಡಿಯೇ ಇಲ್ಲ. ಎಸ್‌ನ ಟಿಎಸ್‌ನಲ್ಲೂ ಇಲ್ಲ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ತೋಟದ ದಾರಿ.

ಮೇಷ್ಟ್ರೇ, ಲೈಬ್ರರಿಯಲ್ಲಿ ಎಷ್ಟು ಕಂಪ್ಯೂಟರ್?

ಲ್ಯಾಬ್ ಮೇಷ್ಟ್ರು

14 ಕಂಪ್ಯೂಟರ್, ಎರಡು ವೈಫೈ ಪಾಯಿಂಟ್, ಮೂರು ಕ್ಯಾಮೆರಾ. ಇಡೀ ಕಾಲೇಜಿನ ಇಂಟರ್ನೆಟ್ಟೇ 200 ಎಂಬಿ.

ರ‍್ಯಾಕ್ ರಾಣಿ

ಹಾಗಾದರೆ 1 ಗಿಗಾಬಿಟ್ ಬೇಕಾದಷ್ಟಾಯಿತು. ಎಸ್‌ಎಕ್ಸ್ ನಾಲ್ಕು ತಗೊಳ್ಳಿ, ಆ ಕಡೆ ಎರಡು, ಈ ಕಡೆ ಎರಡು. ಎಫ್‌ಪಿಡಿಯ 10ರ ಕಿಂಡಿಯಲ್ಲಿ 1ರ ಮಾಡ್ಯೂಲ್ ಕೂರುತ್ತೆ. ಉಲ್ಟಾ ನಡೆಯಲ್ಲ.

ಸ್ಟ್ಯಾಕಿನ ನಿಜವಾದ ಲಾಭ ಇಲ್ಲಿದೆ ನೋಡಿ. ಎರಡು ಎಫ್‌ಪಿಡಿ ಸ್ಟ್ಯಾಕ್ ಆದರೆ, ಲೈಬ್ರರಿಗೆ ಹೋಗುವ ಒಂದು ಜೋಡಿ ಕೋರನ್ನು ಮೇಲಿನ ಸ್ವಿಚ್ಚಿನಿಂದ, ಇನ್ನೊಂದು ಜೋಡಿಯನ್ನು ಕೆಳಗಿನದರಿಂದ ತೆಗೆಯಿರಿ. ಎರಡನ್ನೂ ಸೇರಿಸಿ ಎಲ್‌ಎಸಿಪಿಯಲ್ಲಿ ಒಂದು ಲಿಂಕ್ ಮಾಡಿ. ಒಂದು ಸ್ವಿಚ್ ಸತ್ತರೂ ಲೈಬ್ರರಿ ಬದುಕಿರುತ್ತೆ. ಸ್ಟ್ಯಾಕ್ ಇಲ್ಲದೆ ಎರಡು ಬಿಡಿ ಸ್ವಿಚ್ಚಿನಲ್ಲಿ ಹೀಗೆ ಮಾಡಲು ಆಗಲ್ಲ. 6 ಕೋರಿನಲ್ಲಿ ನಾಲ್ಕು ಹೋಯಿತು, ಎರಡು ಉಳಿಕೆ.

ಹಾಗೇ ಇನ್ನೊಂದು. ಎರಡೇ ಸ್ವಿಚ್ ಆದರೂ ಸ್ಟ್ಯಾಕ್ ಕೇಬಲ್ ಎರಡು ಹಾಕಿ, ಉಂಗುರ ಆಗಬೇಕು. ಒಂದೇ ಹಾಕಿದರೂ ಕೆಲಸ ಮಾಡುತ್ತೆ, ಆದರೆ ಅರ್ಧ ವೇಗ. ಆ ಒಂದು ಸಡಿಲ ಆದರೆ ಎರಡೂ ನಾನೇ ಯಜಮಾನ ಅಂತ ಎದ್ದು ನಿಲ್ಲುತ್ತವೆ. ಒಂದೇ ಐಪಿ ಇಬ್ಬರ ಹತ್ತಿರ.

ಸುಮ್ನೆ ಓದ್ತೀನಿ

ಎರಡು ವರ್ಷದಿಂದ ಓದ್ತಾ ಇದ್ದೀನಿ, ಇದೇ ಮೊದಲ ಸಲ ಬರೀತಿರೋದು. ಎಲ್‌ಎಲ್ ಹೆಸರಿನಲ್ಲಿ ಟಿಎಸ್ ಇದೆಯಲ್ಲ, ಅದರಲ್ಲಿ ಪಿಒಇ ಇರಲ್ಲ ಅಲ್ವಾ? ಲೈಬ್ರರಿಯ ವೈಫೈಗೂ ಕ್ಯಾಮೆರಾಗೂ ಕರೆಂಟ್ ಎಲ್ಲಿಂದ?

ರ‍್ಯಾಕ್ ರಾಣಿ

ನಾನು ಬಾಲ ಓದಿ ಅಂತ ಭಾಷಣ ಮಾಡಿ ಇದನ್ನೇ ಬಿಟ್ಟಿದ್ದೆ. ಸರಿಯಾಗಿ ಹಿಡಿದಿರಿ. ಎಲ್‌ಎಲ್‌ನಲ್ಲೂ ಇಲ್ಲ, ಎಸ್‌ನ ಟಿಎಸ್‌ನಲ್ಲೂ ಇಲ್ಲ. ಐದು ಇಂಜೆಕ್ಟರ್ (ನೆಟ್‌ವರ್ಕ್ ಕೇಬಲಿಗೆ ಕರೆಂಟ್ ಸೇರಿಸುವ ಅಡಾಪ್ಟರ್) ಬೇಕು, ಅಥವಾ ಒಂದು ಚಿಕ್ಕ 8 ಪೋರ್ಟಿನ ಪಿಒಇ ಸ್ವಿಚ್.

ಎರಡನೇ ಅಭಿಪ್ರಾಯ

ಇನ್ನೊಂದು ದಾರಿ. ಸ್ಟ್ಯಾಕೇ ಬೇಡ. ಒಂದು ಎಫ್‌ಪಿಡಿ ಮೇನ್ ಬ್ಲಾಕಿಗೆ, ಇನ್ನೊಂದು ಲೈಬ್ರರಿಗೆ. ಎರಡೂ ಕಡೆ ಪಿಒಇ, ಎರಡೂ ಕಡೆ 10ರ ಕಿಂಡಿ. ಮಾಡ್ಯೂಲಿನ ಖರ್ಚು ಸೊನ್ನೆ. ಎಲ್ಲರೂ ಯಾವ ಮಾಡ್ಯೂಲ್ ಅಂತ ಚರ್ಚೆ ಮಾಡ್ತಿದ್ದೀರಿ, ಬೇಕಾ ಅಂತ ಯಾರೂ ಕೇಳಲಿಲ್ಲ.

ರ‍್ಯಾಕ್ ರಾಣಿ

ಇದು ಒಳ್ಳೆ ಪ್ರಶ್ನೆ, ನಿಜವಾಗಿ. ಉತ್ತರ ಮೇನ್ ಬ್ಲಾಕಿನ ಲೆಕ್ಕದ ಮೇಲಿದೆ. ಮೇಷ್ಟ್ರೇ, ಅಲ್ಲಿ ಎಷ್ಟು ಪೋರ್ಟ್ ಬೇಕು, ಅದರಲ್ಲಿ ಪಿಒಇ ಎಷ್ಟು?

ಲ್ಯಾಬ್ ಮೇಷ್ಟ್ರು

ಲ್ಯಾಬ್ ಎರಡು, ಒಟ್ಟು 62 ಕಂಪ್ಯೂಟರ್. ವೈಫೈ ಪಾಯಿಂಟ್ 9, ಕ್ಯಾಮೆರಾ 16. ಆಫೀಸು ಬೇರೆ.

ರ‍್ಯಾಕ್ ರಾಣಿ

87 ಆಯಿತು, ಆಫೀಸು ಬಿಟ್ಟು. ಒಂದು 48ರಲ್ಲಿ ಮುಗಿಯಲ್ಲ. ಎಫ್‌ಪಿಡಿ ಎರಡೂ ಮೇನ್ ಬ್ಲಾಕಿನಲ್ಲೇ ಇರಲಿ ಅಂತ ನನ್ನ ಮಾತು. ಎಫ್‌ಪಿಡಿ ಜೊತೆಗೆ ಎಸ್ ಇಟ್ಟು ಬಿಡಿ ಬಿಡಿಯಾಗಿ ನಡೆಸಿದರೂ ತಪ್ಪಲ್ಲ, ಆದರೆ 72 ಪೋರ್ಟ್ ಸಾಲಲ್ಲ.

ಎರಡನೇ ಅಭಿಪ್ರಾಯ

ಆಯ್ತು, ಲೆಕ್ಕ ನಿಮ್ಮ ಕಡೆ ಇದೆ. 2027 ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡಿ.

ನಾಪೋಕ್ಲು ನೆಟ್

ಸೆಕೆಂಡ್ ಹ್ಯಾಂಡ್ ಸ್ವಿಚ್ಚಿಗೆ ಒಂದು ಎಚ್ಚರಿಕೆ, ಅನುಭವದಿಂದ. ಒಂದು ರೆಸಾರ್ಟಿನಲ್ಲಿ ಹಳೆ ಸ್ವಿಚ್ ತಂದು ಹಾಗೇ ಸಿಕ್ಕಿಸಿದೆ. ಐದು ನಿಮಿಷದಲ್ಲಿ ಇಡೀ ರೆಸಾರ್ಟಿನ ನೆಟ್ ಹೋಯಿತು. ರಿಸೆಪ್ಷನ್, ರೆಸ್ಟೋರೆಂಟ್ ಬಿಲ್, ಎಲ್ಲಾ. ಕಾರಣ ಏನು ಗೊತ್ತಾ? ಹಳೆ ಸ್ವಿಚ್ಚಿನಲ್ಲಿ ಹಿಂದಿನ ಮಾಲೀಕರ ವಿಲ್ಯಾನ್ (ಸ್ವಿಚ್ಚಿನೊಳಗೆ ಬೇರೆ ಬೇರೆಯಾಗಿ ಮಾಡಿದ ನೆಟ್‌ವರ್ಕ್) ಪಟ್ಟಿ ಉಳಿದಿತ್ತು. ಆ ಪಟ್ಟಿಯನ್ನು ಸ್ವಿಚ್‌ಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುವುದಕ್ಕೆ ವಿಟಿಪಿ ಅಂತಾರೆ. ಅದರ ಡೊಮೇನ್ ಹೆಸರು ಎರಡೂ ಕಡೆ ಒಂದೇ ಆಗಿತ್ತು, ಅದರ ರಿವಿಷನ್ ನಂಬರ್ ನಮ್ಮದಕ್ಕಿಂತ ಜಾಸ್ತಿ. ಜಾಸ್ತಿ ನಂಬರಿನವನ ಮಾತೇ ಸರಿ ಅಂತ ಉಳಿದ ಸ್ವಿಚ್‌ಗಳು ನಮ್ಮ ವಿಲ್ಯಾನ್ ಎಲ್ಲಾ ಅಳಿಸಿಕೊಂಡವು. ಶನಿವಾರ ಸಂಜೆ, ಹೌಸ್ ಫುಲ್. ಮ್ಯಾನೇಜರ್ ನನ್ನ ಹಿಂದೆಯೇ ನಿಂತಿದ್ದರು, ಏನೂ ಮಾತಾಡಲಿಲ್ಲ. ಬೈದಿದ್ದರೆ ಪರವಾಗಿರಲಿಲ್ಲ.

ಅದಕ್ಕೆ ಸಿಕ್ಕಿಸುವ ಮೊದಲು ಒಂಟಿಯಾಗಿ ಆನ್ ಮಾಡಿ. ಸ್ಟಾರ್ಟಪ್ ಕಾನ್ಫಿಗ್ ಅಳಿಸಿ, ಫ್ಲ್ಯಾಶಿನಲ್ಲಿರುವ ವಿಲ್ಯಾನ್ ಡ್ಯಾಟ್ ಫೈಲ್ ಅಳಿಸಿ, ರೀಲೋಡ್ ಮಾಡಿ. ಕಾನ್ಫಿಗ್ ಮಾತ್ರ ಅಳಿಸಿದರೆ ಸಾಲಲ್ಲ.

ಕಣದ ಹುಡುಗ

ಮೆಣಸು ಈಗ ಮಾರುವುದಾ, ಇಟ್ಟುಕೊಳ್ಳುವುದಾ? ಯಾರಿಗಾದರೂ ಗೊತ್ತಾ?

ಚೌಕಾಸಿ

ಸ್ಟ್ಯಾಕ್ ಮಾಡಿ ಇಡಿ.

ಕೇಬಲ್ ಕಾಕ

ಮಾಡ್ಯೂಲ್ ತಗೊಳ್ಳುವಾಗ ನಕಲಿ ನೋಡಿಕೊಳ್ಳಿ. ಫೋಟೊ ಒಂದು, ಬರುವುದು ಇನ್ನೊಂದು. ನನಗೆ ಒಬ್ಬರು ಎಕ್ಸ್ ಅಂತ ಎಸ್‌ನದ್ದು ಕಳಿಸಿದ್ದರು. ವಾಪಸ್ ಕೇಳಿದರೆ ‘ಎರಡೂ ಸ್ಟ್ಯಾಕೇ ಅಲ್ವಾ ಸರ್’ ಅಂದರು. ಎಸ್‌ಪಿ ರೋಡಿಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಹೋಗುವುದಾದರೆ ಸ್ವಿಚ್ಚನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಿ. ಅಲ್ಲೇ ಸಿಕ್ಕಿಸಿ, ಆನ್ ಮಾಡಿ, ಶೋ ಇನ್ವೆಂಟರಿ ಕೊಟ್ಟು ನೋಡಿ ದುಡ್ಡು ಕೊಡಿ.

ಚೌಕಾಸಿ

ಎಫ್‌ಪಿಡಿ ಕಂಕುಳಲ್ಲಿ ಇಟ್ಟುಕೊಂಡು ಎಸ್‌ಪಿ ರೋಡ್ ಸುತ್ತಿದರೆ ಬರುವಾಗ ಕೈ ಒಂದು ಗೇಣು ಉದ್ದ ಆಗಿರುತ್ತೆ ಕಾಕ.

ನಾಪೋಕ್ಲು ನೆಟ್

ಕರೆಂಟ್ ವಿಷಯ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದರೆ ಎರಡು ದಿನ ಜನರೇಟರೇ ಗತಿ. ಸ್ಟ್ಯಾಕಿನ ಎರಡು ಸ್ವಿಚ್ಚನ್ನು ಎರಡು ಬೇರೆ ಯುಪಿಎಸ್‌ಗೆ ಹಾಕಿ, ಒಂದು ಮೊದಲು ಎದ್ದರೆ ಏನಾಗುತ್ತೆ ಅಂತ ಯೋಚಿಸಿ. ಮೊದಲು ಎದ್ದದ್ದು ಮಾಸ್ಟರ್ ಆಗಿ ಕೂರುತ್ತೆ. ಆಮೇಲೆ ಜಾಸ್ತಿ ಪ್ರಯಾರಿಟಿಯದ್ದು ಬಂದರೂ ಕುರ್ಚಿ ಬಿಡಲ್ಲ. ಕೆಲಸ ನಿಲ್ಲಲ್ಲ, ಆದರೆ ನೀವು ಕನ್ಸೋಲ್ ಹಾಕಿ ತಲೆ ಕೆರೆದುಕೊಳ್ಳುತ್ತೀರಿ.

ರ‍್ಯಾಕ್ ರಾಣಿ

ಹೌದು. ಮೇಲಿನದಕ್ಕೆ ಪ್ರಯಾರಿಟಿ 15, ಕೆಳಗಿನದಕ್ಕೆ 14 ಕೊಡಿ. ಹೊಸತರಲ್ಲಿ ಎಲ್ಲದಕ್ಕೂ 1 ಇರುತ್ತೆ, ಬದಲಾಯಿಸದಿದ್ದರೆ ಯಾರು ಯಜಮಾನ ಅನ್ನುವುದು ಅದೃಷ್ಟದ ಆಟ. ಎರಡರಲ್ಲೂ ಸಾಫ್ಟ್‌ವೇರ್ ಆವೃತ್ತಿ ಒಂದೇ ಇರಲಿ. ಸ್ಟ್ಯಾಕ್ ಕೇಬಲ್ ಸಿಕ್ಕಿಸುವಾಗ ಎರಡನೆಯದು ಆಫ್ ಇರಬೇಕು. ಮಾಡ್ಯೂಲನ್ನು ಆನ್ ಇದ್ದಾಗ ಹಾಕಬಹುದು, ಅದಕ್ಕೆ ತೊಂದರೆ ಇಲ್ಲ. ಆದರೆ ಎರಡು ಓಡುತ್ತಿರುವ ಸ್ವಿಚ್ಚಿಗೆ ಮಧ್ಯೆ ಕೇಬಲ್ ಹಾಕಿದರೆ, ಸೋತದ್ದು ರೀಲೋಡ್ ಆಗುತ್ತೆ. ಅದರಲ್ಲಿದ್ದ ಲ್ಯಾಬ್ ಢಮಾರ್.

ಎರಡನೇ ಅಭಿಪ್ರಾಯ

ಈ ಎಕ್ಸ್ ಸ್ಟ್ಯಾಕಿನಲ್ಲಿ ಡೇಟಾ ಮಾತ್ರ ಹಂಚಿಕೆ. ಕರೆಂಟ್ ಹಂಚಿಕೊಳ್ಳುವುದು 3850, 9300ರಂಥವು, ಸ್ಟ್ಯಾಕ್‌ಪವರ್ ಅಂತ. ಎಕ್ಸ್‌ನಲ್ಲಿ ಪವರ್ ಸಪ್ಲೈ ಒಂದೇ, ಒಳಗೇ ಕೂತಿದೆ. ಅದು ಹೋದರೆ ಪಕ್ಕದವ ಸಹಾಯಕ್ಕೆ ಬರಲ್ಲ.

ಲ್ಯಾಬ್ ಮೇಷ್ಟ್ರು

ಇಷ್ಟು ಜನ ಇಷ್ಟು ಹೊತ್ತು ಕೊಟ್ಟಿರಿ. ಎರಡು ಮಾಡ್ಯೂಲ್ ಹೇಳಿದ್ದೇನೆ. ನಾಲ್ಕು ಎಸ್‌ಎಕ್ಸ್ ಕೂಡ. ಬಂದ ಮೇಲೆ ಬರೆಯುತ್ತೇನೆ.

ಲ್ಯಾಬ್ ಮೇಷ್ಟ್ರು

ಎಂಟು ದಿನದ ನಂತರ ವರದಿ.

ಕಾಕ ಬಂದು ಫೈಬರ್ ಪರೀಕ್ಷೆ ಮಾಡಿಕೊಟ್ಟರು. 6ರಲ್ಲಿ 5 ಕೋರ್ ಬದುಕಿದೆ. ಉದ್ದ 180 ಅಲ್ಲ, 204 ಮೀಟರ್. ಲೈಬ್ರರಿ ಕಡೆ ಎಸ್‌ಸಿ ತುದಿ ಇತ್ತು, ಸ್ವಿಚ್ಚಿಗೆ ಎಲ್‌ಸಿ ಬೇಕು. ಎಸ್‌ಸಿಯಿಂದ ಎಲ್‌ಸಿ ಪ್ಯಾಚ್ ಕಾರ್ಡ್ ತಂದಿದ್ದರು, ಅದೂ 62.5ರದ್ದೇ.

ಮಾಡ್ಯೂಲ್ ಹಾಕಲು ಹೋದೆ. ಮೊದಲನೆಯದು ಸರಾಗ ಹೋಯಿತು, ಟಕ್ ಅಂತ ಕೂತಿತು. ಎರಡನೆಯದು ಅರ್ಧಕ್ಕೆ ನಿಂತಿತು. ಒತ್ತಿದೆ, ಹೋಗಲಿಲ್ಲ. ನಕಲಿ ಅಂತಲೇ ಅಂದುಕೊಂಡೆ. ಟಾರ್ಚ್ ಹಾಕಿ ನೋಡಿದರೆ ಕಿಂಡಿಯ ಒಳಮೂಲೆಯಲ್ಲಿ ಮಣ್ಣು. ಕುಂಬಾರ ಹುಳ ಗೂಡು ಕಟ್ಟಿದೆ! ಬೆಂಗಳೂರಿನಿಂದ ಬಂದಾಗಲೇ ಆ ಕಿಂಡಿಗೆ ಮುಚ್ಚಳ ಇರಲಿಲ್ಲ. ಸ್ಟೋರ್ ರೂಮಿನ ಕಿಟಕಿ ಹತ್ತಿರ ಮೂರು ವಾರ ಇಟ್ಟಿದ್ದೆ, ಅಷ್ಟು ಸಾಕಾಗಿತ್ತು ಅದಕ್ಕೆ. ಟೂತ್‌ಪಿಕ್‌ನಲ್ಲಿ ಮೆಲ್ಲಗೆ ಬಿಡಿಸಿ, ಬ್ರಷ್ ಹಾಕಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಬೆಳಗ್ಗೆ ಕೂತಿತು.

ಆನ್ ಮಾಡಿ ಶೋ ಸ್ವಿಚ್ ಕೊಟ್ಟರೆ, 1 ಮಾಸ್ಟರ್, ರೆಡಿ. 2ರ ಮುಂದೆ ವರ್ಷನ್ ಮಿಸ್‌ಮ್ಯಾಚ್. ಆವೃತ್ತಿ ನೋಡಿಕೊಳ್ಳಿ ಅಂತ ರಾಣಿ ಮೇಡಂ ಹೇಳಿದ್ದರು, ಹುಳದ ಗಲಾಟೆಯಲ್ಲಿ ಮರೆತೆ. ಮೊದಲನೆಯದರ ಫೈಲನ್ನು ಎರಡನೆಯದರ ಫ್ಲ್ಯಾಶಿಗೆ ಕಾಪಿ ಮಾಡಿ, ಅದರಿಂದಲೇ ಬೂಟ್ ಆಗುವಂತೆ ಬರೆದು ರೀಲೋಡ್ ಮಾಡಿದೆ. ಈಗ ಎರಡೂ ರೆಡಿ.

ಲೈಬ್ರರಿಯಲ್ಲಿ ಎಲ್‌ಎಲ್ ಕೂತಿದೆ, ಎರಡು ಜೋಡಿ ಕೋರಿನಲ್ಲಿ. ಮೇಲಿನ ಸ್ವಿಚ್ಚಿನ ಫೈಬರ್ ಕಿತ್ತು ನೋಡಿದೆ, ಲೈಬ್ರರಿಯಲ್ಲಿ ವಿಡಿಯೊ ನೋಡುತ್ತಿದ್ದ ಹುಡುಗನಿಗೆ ಗೊತ್ತೇ ಆಗಲಿಲ್ಲ. ಎಸ್ ಅನ್ನು ಅಳಿಸಿ ಸ್ಟೋರಿನಲ್ಲಿ ಇಟ್ಟಿದ್ದೇನೆ, ಬಿಡಿ ಸಾಮಾನು ಅಂತ.

ಸುಮ್ನೆ ಓದ್ತೀನಿ

ಇಂಜೆಕ್ಟರ್?

ಲ್ಯಾಬ್ ಮೇಷ್ಟ್ರು

ಐದು ಹಾಕಿದ್ದೇನೆ. ಪ್ಲಗ್ ಪಾಯಿಂಟ್ ಮೂರೇ ಇತ್ತು, ಅದು ಬೇರೆ ಕಥೆ.

ಕೇಬಲ್ ಕಾಕ

ಎಸ್‌ನ ಹಿಂದಿನ ಕಿಂಡಿಗೂ, ಮುಂದಿನ ಖಾಲಿ ಫೈಬರ್ ಕಿಂಡಿಗಳಿಗೂ ಮುಚ್ಚಳ ಹಾಕಿದ್ದೀರಾ? ಎಕ್ಸ್‌ನಿಂದ ತೆಗೆದ ತಗಡು ಎಲ್ಲಿಟ್ಟಿರಿ?

ಲ್ಯಾಬ್ ಮೇಷ್ಟ್ರು

ಒಂದು ತಗಡು ಡ್ರಾಯರಿನಲ್ಲಿದೆ ಕಾಕ. ಎಸ್‌ಗೆ ಸದ್ಯಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ.

ರ‍್ಯಾಕ್ ರಾಣಿ

ಸ್ಟ್ಯಾಕ್ ಕೇಬಲ್ ಯಾವುದು ಹಾಕಿದಿರಿ ಕೊನೆಗೆ? ಆ 3 ಮೀಟರಿನದ್ದಾ?

ಲ್ಯಾಬ್ ಮೇಷ್ಟ್ರು

ಇಲ್ಲ. ಮಾಡ್ಯೂಲ್ ಜೊತೆ ಅರ್ಧ ಮೀಟರಿನ ಎರಡು ಬಂತು, ಅವೇ ಸಾಕಾಯಿತು. 3 ಮೀಟರಿನದ್ದು ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಯಾರಿಗಾದರೂ ಬೇಕಾ?

ಕಣದ ಹುಡುಗ

ನಮ್ಮ ಆಫೀಸಿನಲ್ಲಿ ಎರಡು 2960-ಎಸ್ ಇದೆ, ಮಾಡ್ಯೂಲ್ ಸಮೇತ. ಒಂದು ರ‍್ಯಾಕಿನ ಮೇಲೆ, ಒಂದು ಕೆಳಗೆ. ಕೇಬಲ್ ಸಾಲದೆ ಬಿಟ್ಟಿದ್ದೆವು. ಭಾನುವಾರ ಗೋಣಿಕೊಪ್ಪ ಸಂತೆಗೆ ಬರ್ತೀನಿ ಸರ್, ಕೊಡ್ತೀರಾ? ದುಡ್ಡಿನ ಬದಲು ಮೆಣಸು ಆಗುತ್ತಾ?

ಲ್ಯಾಬ್ ಮೇಷ್ಟ್ರು

ಒಂದು ಕೆಜಿ.

ಚೌಕಾಸಿ

ಮುಕ್ಕಾಲು ಕೊಡಿ ಸಾಕು.